ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಯೋಗಾಭ್ಯಾಸದಿಂದ ನಿಜವಾಗಿ ಏನು ಪ್ರಯೋಜನ?

ಮುಖ್ಯ ಪ್ರಯೋಜನ ಉಸಿರಾಟದ ಮೂಲಕ ದೊರೆಯುತ್ತದೆ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ತುಸು ವೇಗಗೊಂಡು ಹೊರಬಿಟ್ಟಾಗ ನಿಧಾನವಾಗುವುದರಿಂದ, ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವ ಭ್ರಾಮರಿಯಂತಹ ಪ್ರಾಣಾಯಾಮದಲ್ಲಿ ರೇಚಕವನ್ನು (ಉಸಿರು ಬಿಡುವುದನ್ನು) ಪೂರಕಕ್ಕಿಂತ (ಉಸಿರೆಳೆಯುವುದಕ್ಕಿಂತ) ದೀರ್ಘವಾಗಿಸಿದಾಗ, ಹೃದಯಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವ ಹೆಚ್ಚಿ, ಪರೀಕ್ಷೆಗೆ ಮುನ್ನ ಕಾಡುವ ಎದೆಬಡಿತ ಹಾಗೂ ಕೈನಡುಕ ತಗ್ಗಬಹುದು. ಲ್ಯಾಪ್‌ಟಾಪಿನ ಮುಂದೆ ಬಾಗಿ ಕುಳಿತು ಬಿಗಿಯಾಗುವ ಬೆನ್ನಿಗೆ ಭುಜಂಗಾಸನ, ಮಾರ್ಜಾರಾಸನಗಳು ಒಳ್ಳೆಯವು. ಶೀರ್ಷಾಸನದಿಂದ ಜ್ಞಾಪಕಶಕ್ತಿ ಹೆಚ್ಚುತ್ತದೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ; ಹಾಸ್ಟೆಲ್ ಕೋಣೆಯಲ್ಲಿ ಮಾರ್ಗದರ್ಶನವಿಲ್ಲದೆ ಅದನ್ನು ಪ್ರಯತ್ನಿಸಿದರೆ ಕುತ್ತಿಗೆಗೆ ಪೆಟ್ಟಾದೀತು. ಮಲಗಿಕೊಂಡು ಮಾಡುವ ವಿಶ್ರಾಂತಿಯ ಅಭ್ಯಾಸವಾದ ಯೋಗನಿದ್ರೆಯು ನಿದ್ದೆಗೆ ನೆರವಾಗುತ್ತದೆಯೇ ಹೊರತು, ರಾತ್ರಿಯಿಡೀ ಓದಿದವರಿಗೆ ನಿದ್ದೆಯ ಬದಲಿಯಾಗುವುದಿಲ್ಲ. ವಾರಗಟ್ಟಲೆ ಖಿನ್ನತೆ ಕಾಡುತ್ತಿದ್ದರೆ ಮನೋವೈದ್ಯರನ್ನೇ ಕಾಣಬೇಕು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಯೋಗವನ್ನು ಚಿಕಿತ್ಸೆಗೆ ಪೂರಕವಾಗಿಯೇ ಬಳಸುತ್ತಾರೆ.