ಚಿತ್ರದ ಹಿಂಬದಿಯ ಬರಹ

ಸಂಪಾದಕರಿಗೆ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ನಿವೃತ್ತ ಶಿಕ್ಷಕ. ಮಗಳು ಕಲಬುರಗಿಯಲ್ಲಿ ದೃಶ್ಯಕಲೆಯ ಪದವಿ ಮುಗಿಸಿದ್ದಾಳೆ. ಛಾಯಾಗ್ರಹಣವನ್ನೇ ಕಲೆಯಾಗಿ ಮಾಡುತ್ತೇನೆ, ಮುಂದೆ ಕಲಿಸುತ್ತೇನೆ, ಬೇರೆಯವರ ಚಿತ್ರಗಳ ಪ್ರದರ್ಶನ ಏರ್ಪಡಿಸುವ ಕ್ಯುರೇಟರ್ ಆಗುತ್ತೇನೆ ಎನ್ನುತ್ತಾಳೆ. ಮದುವೆ ಫೋಟೊ ತೆಗೆದರೆ ಹೊಟ್ಟೆಗಾದರೂ ಆದೀತು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೂ ಒಂದು ಕಸುಬೇ? ಹೋದ ಸಂಚಿಕೆಯಲ್ಲಿ ಎಂಟು ಪುಟ ಛಾಯಾಚಿತ್ರಗಳಿಗೆ ಕೊಟ್ಟು ಇಂಥ ಹುಚ್ಚಿಗೆ ನೀವೇ ಕುಮ್ಮಕ್ಕು ಕೊಟ್ಟಿದ್ದೀರಿ.
— ಒಬ್ಬ ಓದುಗ

ಸಂಪಾದಕರ ಉತ್ತರ

ಮಾಸ್ತರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಂದೆಯ ಅಂಜಿಕೆಯನ್ನು ತಳ್ಳಿಹಾಕಲಾರೆ. ಕಲಾ ಛಾಯಾಗ್ರಹಣವೊಂದನ್ನೇ ನಂಬಿ ಬದುಕುವುದು ಕಷ್ಟ. ಬಹಳ ವರ್ಷ ಮನೆಯ ಆಸರೆ ಬೇಕಾದೀತು. ಮದುವೆ ಫೋಟೊ ತೆಗೆಯುವುದು ಮರ್ಯಾದೆಯ ದುಡಿಮೆ, ಅವಳು ಅದನ್ನೂ ಮಾಡಲಿ. ಇಷ್ಟನ್ನು ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

ನಾನು ಬೀದರಿನವನು. ನಮ್ಮ ಓಣಿಯ ತಿರುವಿನಲ್ಲಿ ಒಂದು ಫೋಟೊ ಸ್ಟುಡಿಯೊ ಇತ್ತು. ಒಳಗೆ ಬಣ್ಣದ ಪರದೆ, ಅದರ ಮೇಲೆ ಕೊಳ, ಹಂಸ, ಅಮೃತಶಿಲೆಯ ಮೆಟ್ಟಿಲು. ಹೊಸದಾಗಿ ಮದುವೆಯಾದವರು, ಮೆಟ್ರಿಕ್ ಪಾಸಾದ ಹುಡುಗರು, ಹಜ್‌ಗೆ ಹೊರಟ ಹಿರಿಯರು, ಮೊದಲ ಸಂಬಳದಲ್ಲಿ ಕೈಗಡಿಯಾರ ಕೊಂಡವರು, ಎಲ್ಲರೂ ಆ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತವರೇ. ನನ್ನ ಅವ್ವ ಅಪ್ಪನ ಮದುವೆಯ ಚಿತ್ರವೂ ಅಲ್ಲಿಯದೇ. ಮಾಲೀಕರು ತೀರಿಕೊಂಡ ಮೇಲೆ ಅಂಗಡಿ ಖಾಲಿಯಾಯಿತು. ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ದೇವರ ಪಟಗಳ ಚೌಕಟ್ಟಿಗೆ ಕೂರಿಸಿದರು. ಫಿಲ್ಮ್ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯುವವರು ತೂಕಕ್ಕೆ ಕೊಂಡರು. ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಾಗ ಇನ್ನೊಂದನ್ನು ಮಾಡಿಸೋಣವೆಂದು ಓಡಿದೆ. ಅಲ್ಲಿ ಬಟ್ಟೆ ಅಂಗಡಿ ಇತ್ತು. ಅವ್ವನ ಹದಿನೆಂಟರ ಮುಖ ಈಗ ನನ್ನ ನೆನಪಿನಲ್ಲಿ ಮಾತ್ರ ಇದೆ, ಅದೂ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದೆ.

ಆ ಮಾಲೀಕರಿಗೆ ಚಿತ್ರ ತೆಗೆಯುವುದು ಚೆನ್ನಾಗಿ ಗೊತ್ತಿತ್ತು. ಅವರ ಸಾವಿರಾರು ಚಿತ್ರಗಳಲ್ಲಿ ಯಾವುದು ಉಳಿಯಬೇಕೆಂದು ಆರಿಸಿ, ಹೆಸರು ವಿಳಾಸ ಬರೆದು, ನೆರಳಿನಲ್ಲಿಟ್ಟು, ಒಂದು ದಿನ ಊರಿನ ಕಣ್ಣೆದುರು ತೂಗುಹಾಕುವವರು ಮಾತ್ರ ನಮ್ಮೂರಿನಲ್ಲಿ ಇರಲಿಲ್ಲ. ನಿಮ್ಮ ಮಗಳು ಮಾಡುತ್ತೇನೆ ಎನ್ನುತ್ತಿರುವುದು ಆ ಕೆಲಸವನ್ನು.

ನಮ್ಮದು ನಿಜಾಮರ ಸೀಮೆಯಾಗಿತ್ತು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಅವರ ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡು ಕಾಪಾಡಿತು. ಹೀಗಾಗಿ ಆಸ್ಥಾನದ ಮುಖಗಳು ಉಳಿದವು. ನಮ್ಮ ಓಣಿಯ ಮುಖಗಳು ತೊಳೆದುಹೋದವು.

ನಿಮ್ಮ ತಾಲ್ಲೂಕಿನ ಸನ್ನತಿಯನ್ನೇ ನೆನೆಯಿರಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ತಿಳಿಯಿತು. ಕಲ್ಲಾದ್ದರಿಂದ ಪೀಠವಾಗಿಯಾದರೂ ಉಳಿಯಿತು. ಗಾಜನ್ನು ತೊಳೆದ ಮೇಲೆ ಏನು ಉಳಿಯುತ್ತದೆ? ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಒಂದು ಶಿಲ್ಪಫಲಕ ಸಿಕ್ಕಿತು. ಅದರಲ್ಲಿ ಒಬ್ಬ ರಾಜ, ರಾಣಿ, ಪರಿಚಾರಿಕೆಯರು. ಆ ರಾಜ ಯಾರೆಂದು ನಮಗೆ ತಿಳಿದದ್ದು ಫಲಕದ ಮೇಲೆ ಬ್ರಾಹ್ಮಿಯಲ್ಲಿ ಕೊರೆದ ‘ರಾಯೋ ಅಸೋಕೋ’ ಎಂಬ ಎರಡು ಪದಗಳಿಂದ. ಅಷ್ಟು ಕೊರೆಯದೆ ಬಿಟ್ಟಿದ್ದರೆ ನಾವು ಇಂದು ಯಾವುದೋ ಒಬ್ಬ ಅರಸನನ್ನು ನೋಡುತ್ತಿದ್ದೆವು. ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆದ ನಿಮಗೆ ಹೆಸರು ಬರೆಯುವುದರ ಬೆಲೆಯನ್ನು ನಾನು ಹೇಳಿಕೊಡಬೇಕೇ?

ಇನ್ನು ಮೊಬೈಲಿನ ಮಾತು. ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಕಾಲದಲ್ಲೂ ಇದೇ ಮಾತಿತ್ತು. ಕೊಡಕ್ ಕ್ಯಾಮೆರಾ ಬಂದು ಗುಂಡಿ ಒತ್ತಬಲ್ಲವರೆಲ್ಲ ಛಾಯಾಗ್ರಾಹಕರಾಗಿದ್ದರು. ಆತ ಸ್ವತಃ ದೊಡ್ಡ ಛಾಯಾಗ್ರಾಹಕ. ಆದರೂ 1905ರಲ್ಲಿ ಎಡ್ವರ್ಡ್ ಸ್ಟೈಕನ್ ಜೊತೆ ಸೇರಿ ಫಿಫ್ತ್ ಅವೆನ್ಯೂದ 291ನೆಯ ನಂಬರಿನ ಪುಟ್ಟ ಕೋಣೆಗಳಲ್ಲಿ ಗ್ಯಾಲರಿ ತೆರೆದು ಇತರರ ಚಿತ್ರಗಳನ್ನು ತೂಗುಹಾಕಿದ. 1903ರಿಂದ 1917ರವರೆಗೆ ‘ಕ್ಯಾಮೆರಾ ವರ್ಕ್’ ಎಂಬ ಪತ್ರಿಕೆ ನಡೆಸಿದ. ಸುಮಾರು ಸಾವಿರವಿದ್ದ ಚಂದಾದಾರರು ಕೊನೆಗೆ ನಲವತ್ತಕ್ಕಿಂತ ಕಡಿಮೆಯಾದರು. ನಾನೂ ಪತ್ರಿಕೆ ನಡೆಸುವವನು. ಆ ಸಂಖ್ಯೆ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಕೊನೆಯ ಸಂಚಿಕೆಯಲ್ಲಿ ಆತ ತನ್ನ ಚಿತ್ರಗಳನ್ನು ಹಾಕಿಕೊಳ್ಳಲಿಲ್ಲ. ಪಾಲ್ ಸ್ಟ್ರ್ಯಾಂಡ್ ಎಂಬ ತರುಣನಿಗೆ ಅದನ್ನು ಬಿಟ್ಟುಕೊಟ್ಟ. ನಮ್ಮ ಎಂಟು ಪುಟಗಳಿಗೆ ನೀವು ಲೆಕ್ಕ ಕೇಳಿದ್ದೀರಿ. ಮುಂದಿನ ಸಲ ಹದಿನಾರು ಕೊಡಬೇಕೆಂದಿದ್ದೇನೆ.

ನಮ್ಮ ದೇಶದವರೇ ಬೇಕೆಂದರೆ ಬರೋಡದ ಜ್ಯೋತಿ ಭಟ್ ಇದ್ದಾರೆ. ಚಿತ್ರಕಾರರು, ಮುದ್ರಣ ಕಲಾವಿದರು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿದ ಗುರುಗಳು. ಅರವತ್ತರ ದಶಕದಲ್ಲಿ ಕ್ಯಾಮೆರಾ ಹಿಡಿದು ಹಳ್ಳಿಗಳಿಗೆ ಹೋದರು. ಹೆಣ್ಣುಮಕ್ಕಳು ಗೋಡೆಗೆ ಬಳಿದ ಚಿತ್ರ, ಅಂಗಳದ ರಂಗೋಲಿ, ಮೈಮೇಲಿನ ಹಚ್ಚೆ, ಮಳೆ ಬಂದರೆ ಅಥವಾ ಸುಣ್ಣ ಹೊಡೆದರೆ ಅಳಿಯುವಂಥದ್ದನ್ನೆಲ್ಲ ಹಿಡಿದಿಟ್ಟರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಸುರಪುರದ ಮನೆಗೋಡೆಗಳಿಗೆ, ಆಳಂದದ ಅಂಗಳಗಳಿಗೆ ಅಂಥ ಒಬ್ಬರು ಬಂದಿದ್ದರೆ ಎಂದು ನಾನು ಎಷ್ಟು ಸಲ ಹಲುಬಿದ್ದೇನೋ.

ಕಲಿಸುವ ಕೆಲಸದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಶಿಕ್ಷಕರಾದ ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಹಲವು ವರ್ಷಗಳ ಹಿಂದೆ ಛಾಯಾಗ್ರಹಣ ಕಲಿಸುವ ಮೇಷ್ಟ್ರೊಬ್ಬರ ಜೊತೆ ಬೀದರಿನ ಅಷ್ಟೂರಿಗೆ ಹೋಗಿದ್ದೆ. ಹನ್ನೆರಡು ವಿದ್ಯಾರ್ಥಿಗಳಿದ್ದರು. ಅಹಮದ್ ಶಾ ವಲಿಯ ಗುಮ್ಮಟದ ಬಾಗಿಲಲ್ಲೇ ಕ್ಯಾಮೆರಾಗಳನ್ನೆಲ್ಲ ಇಸಿದುಕೊಂಡು, ಒಳಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿರಿ ಎಂದರು. ಬಿಸಿಲಿನಿಂದ ಹೋದವರಿಗೆ ಒಳಗೆ ಬರೀ ಕತ್ತಲೆ. ಐದು ನಿಮಿಷಕ್ಕೆ ಗೋಡೆ ಕಂಡಿತು. ಹದಿನೈದು ನಿಮಿಷಕ್ಕೆ ಕೆಂಪು ಕಂಡಿತು. ಅರ್ಧ ಗಂಟೆಗೆ ಚಾವಣಿಯ ಹೂಬಳ್ಳಿ, ಅಕ್ಷರಗಳು, ಹೊನ್ನಿನ ಗೆರೆಗಳು ಒಂದೊಂದಾಗಿ ಮೇಲೆದ್ದು ಬಂದವು. ಒಬ್ಬ ಹುಡುಗಿ ಅತ್ತುಬಿಟ್ಟಳು. ಆಮೇಲೆ ಕ್ಯಾಮೆರಾ ವಾಪಸು ಕೊಟ್ಟು, ತಲಾ ಒಂದೇ ಚಿತ್ರ ತೆಗೆಯಲು ಹೇಳಿದರು. ಮೊಬೈಲ್ ಹಿಡಿದ ನಾವೆಲ್ಲ ಆ ಗುಮ್ಮಟದೊಳಗೆ ಅರ್ಧ ನಿಮಿಷವೂ ನಿಲ್ಲದೆ ಹೊರಬೀಳುತ್ತೇವೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲೆ ಅಲ್ಲ. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಚಿತ್ರ ಬರೆದೇ ದೇಶಕ್ಕೆಲ್ಲ ಹೆಸರಾದರು. ಅವರ ಹೆಸರಿನ ರಂಗಮಂದಿರ ನಮ್ಮಲ್ಲಿ ಇದೆ, ಸಂತೋಷ. ಆದರೆ ಹೊರಗೆ ಹೋಗಿ ಗೆದ್ದು ಬಂದವರಿಗೆ ಮಾತ್ರ ಹಾರ ಹಾಕುವ ಅಭ್ಯಾಸ ನಮ್ಮದು. ಇಲ್ಲೇ ಕುಳಿತು ಕೆಲಸ ಮಾಡುತ್ತೇನೆ ಎನ್ನುವವಳಿಗೆ ಬೆಂಗಳೂರಿನ ದಾರಿ ತೋರಿಸುತ್ತೇವೆ, ಇಲ್ಲವೇ ಮದುವೆ ಮಂಟಪದ ದಾರಿ. ನಮ್ಮ ಸೀಮೆಯ ಚಿತ್ರ ಬೇಕಾದಾಗ ಯಾರೋ ವಿಮಾನದಲ್ಲಿ ಬಂದು ಬಿರುಕು ಬಿಟ್ಟ ಹೊಲ, ಖಾಲಿ ಕೊಡ, ಗುಳೆ ಹೊರಟ ಬಸ್ಸು ತೆಗೆದುಕೊಂಡು ಹೋಗುತ್ತಾರೆ. ಅವು ಸುಳ್ಳಲ್ಲ. ಆದರೆ ತೊಗರಿ ಹೂ ಬಿಟ್ಟಾಗಿನ ಹಳದಿ, ಬಿದರಿ ಕಸುಬುದಾರ ಕೋಟೆಯ ಮಣ್ಣನ್ನು ಹಚ್ಚಿ ಹೂಜಿಯನ್ನು ಕಪ್ಪಾಗಿಸುವ ಗಳಿಗೆ, ಬಂದೇನವಾಜರ ದರ್ಗಾದ ಸಂಜೆ, ಶರಣಬಸವೇಶ್ವರರ ತೇರಿನ ಧೂಳು, ಇವನ್ನು ಇಲ್ಲಿ ಹುಟ್ಟಿದ ಕಣ್ಣು ನೋಡಿ ಆರಿಸಬೇಕು. ಪತ್ರಿಕೆಗಳೂ ತಪ್ಪಿತಸ್ಥರೇ. ತೆಗೆದವರ ಹೆಸರಿಲ್ಲದೆ ಚಿತ್ರ ಅಚ್ಚು ಹಾಕುತ್ತೇವೆ. ಈ ಪತ್ರಿಕೆಯಲ್ಲೂ ಮೊದಲ ವರ್ಷಗಳಲ್ಲಿ ಹಾಗೆ ಮಾಡಿದ್ದೇವೆ. ಅದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

ಮಾಸ್ತರರೇ, ಒಂದು ಕೆಲಸ ಮಾಡಿರಿ. ನಿಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಬರುವ ಭಾನುವಾರ ಅದನ್ನು ಇಳಿಸಿ ಮಗಳ ಮುಂದೆ ಇಡಿರಿ. ಒಂದೊಂದೇ ಚಿತ್ರ ತೆಗೆದು ಇವರು ಯಾರು, ಯಾವ ಊರು, ಯಾವ ವರ್ಷ ಎಂದು ನೀವು ಹೇಳಿರಿ, ಅವಳು ಹಿಂಬದಿಯಲ್ಲಿ ಬರೆಯಲಿ. ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ ಬರೆಯಲು ಹೇಳಿರಿ. ಪೆನ್ನಾದರೆ ಮಸಿ ಮುಂಬದಿಗೆ ಇಳಿಯುತ್ತದೆ.

— ಸಂಪಾದಕ