ಭತ್ತದ ಹೊಟ್ಟಿನಿಂದ ರಾಸಾಯನಿಕ

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ರಾಶಿಯೇ ಬೀಳುತ್ತದೆ. ಪೆಟ್ರೋಲಿಯಂ ಬದಲು ಇದರಿಂದ ಕೈಗಾರಿಕಾ ರಾಸಾಯನಿಕ ತಯಾರಿಸಬಹುದೇ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಖಂಡಿತ ತಯಾರಿಸಬಹುದು. ಹೊಟ್ಟಿಗೆ ಆಮ್ಲ ಬೆರೆಸಿ ಬಿಸಿ ಹಬೆಯಲ್ಲಿ ಬೇಯಿಸಿದರೆ, ಅದರಲ್ಲಿರುವ ಪೆಂಟೋಸಾನ್ (ಸಕ್ಕರೆ ಅಣುಗಳು ಸರಪಳಿಯಂತೆ ಜೋಡಣೆಗೊಂಡ ವಸ್ತು) ಮೊದಲು ಕ್ಸೈಲೋಸ್ ಸಕ್ಕರೆಯಾಗಿ ಒಡೆದು, ಬಳಿಕ ಆ ಸಕ್ಕರೆಯ ಒಂದೊಂದು ಅಣುವೂ ಮೂರು ನೀರಿನ ಅಣುಗಳನ್ನು ಕಳೆದುಕೊಂಡು, ಬಾದಾಮಿಯ ವಾಸನೆಯ ಫರ್ಫ್ಯೂರಲ್ ಎಂಬ ದ್ರವವಾಗುತ್ತದೆ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ತಯಾರಿಸತೊಡಗಿತ್ತು. ಇದರಿಂದ ಪಡೆಯುವ ಫ್ಯೂರಾನ್ ರಾಳವು ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಮರಳನ್ನು ಬಿಗಿಯಾಗಿ ಹಿಡಿದಿಡುವ ಅಂಟು. ಬಳ್ಳಾರಿ, ಕೊಪ್ಪಳದ ಕಬ್ಬಿಣದ ಸೀಮೆಗೆ ಇದು ತೀರ ಹತ್ತಿರದ ವಿಷಯವೆಂದೇ ನನ್ನ ಭಾವನೆ. ಆದರೆ ಭತ್ತದ ಹೊಟ್ಟಿಗಿಂತ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿನಲ್ಲಿ ಪೆಂಟೋಸಾನ್ ಹೆಚ್ಚು. ಬೇಯಿಸಿದ ಮೇಲೆ ಉಳಿಯುವ ಆಮ್ಲದ ನೀರನ್ನು ಶುದ್ಧೀಕರಿಸದೆ ಕಾಲುವೆಗೆ ಬಿಡಲೇಬಾರದು.