ಟ್ರೇಯ ಒಂದು ಮೂಲೆ ಸರಿಯಾಗಿ ಕೂರುತ್ತಿಲ್ಲ, ವ್ಯಾಕ್ಯೂಮ್ ಪಂಪ್ ಬದಲಾಯಿಸಬೇಕಾ?

ಸದ್ಯಕ್ಕೆ ಪಂಪ್ ತರಬೇಡಿ. ನೀವು ಬರೆದಿರುವುದು ಇಷ್ಟು: ಪೀಣ್ಯದಲ್ಲಿ ವ್ಯಾಕ್ಯೂಮ್ ಫಾರ್ಮಿಂಗ್ ಮೆಷಿನ್ (ಕಾಯಿಸಿದ ಪ್ಲಾಸ್ಟಿಕ್ ಶೀಟಿನ ಕೆಳಗಿನ ಗಾಳಿ ಎಳೆದು ಅಚ್ಚಿಗೆ ಕೂರಿಸುವಂಥದ್ದು), ಎಚ್‌ಐಪಿಎಸ್ (ಒಂದು ಬಗೆಯ ಪಾಲಿಸ್ಟೈರೀನ್ ಪ್ಲಾಸ್ಟಿಕ್) ಶೀಟು, ಒಂದು ಹೊಡೆತಕ್ಕೆ ಆರು ಸ್ವೀಟ್ ಟ್ರೇ. ಹದಿನೈದು ದಿನದಿಂದ ಎಡಮೂಲೆಯ ಟ್ರೇ ಅಚ್ಚಿಗೆ ಪೂರ್ತಿ ಕೂರುತ್ತಿಲ್ಲ. ಒಂದು ಹೀಟರ್ ಬದಲಾಯಿಸಿ, ಟೈಮರ್ ಜಾಸ್ತಿ ಮಾಡಿದ್ದೀರಿ. ವ್ಯಾಕ್ಯೂಮ್ ಗೇಜ್ 640 ಮಿ.ಮೀ. ತೋರಿಸುತ್ತದೆ. 'ಕನಿಷ್ಠ 720 ಬರಬೇಕು, ಪಂಪ್ ಹೋಗಿದೆ' ಅಂತ ಸರ್ವಿಸ್‌ನವರು ಹೇಳಿದ್ದಾರೆ.

ಬೆಂಗಳೂರಿನಲ್ಲಿ ಯಾವ ಪಂಪ್ ಹಾಕಿದರೂ ಗೇಜ್ 720 ತೋರಿಸುವುದಿಲ್ಲ. ಶೀಟನ್ನು ಡೈ (ಅಚ್ಚು) ಮೇಲೆ ಒತ್ತುವುದು ಪಂಪ್ ಅಲ್ಲ, ಶೀಟಿನ ಮೇಲಿರುವ ಗಾಳಿ. ಪಂಪ್ ಕೆಳಗಿನ ಗಾಳಿಯನ್ನು ಖಾಲಿ ಮಾಡುತ್ತದೆ, ಅಷ್ಟೇ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿ.ಮೀ. ಪಾದರಸ. ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 685ರ ಆಸುಪಾಸು, ಗೇಜ್ ಅದಕ್ಕಿಂತ ಮೇಲೆ ಹೋಗಲಾರದು. ಮಂಗಳೂರಿನ ಬೈಕಂಪಾಡಿಯಲ್ಲಿ 720 ಕೇಳಬಹುದು, ಇಲ್ಲಿ ಕೇಳಿದರೆ ಎಲ್ಲಿಂದ ಬರಬೇಕು? 685ಕ್ಕೆ 640 ಅಂದರೆ ನಿಮ್ಮ ಪಂಪ್ ಚೆನ್ನಾಗಿಯೇ ಇದೆ.

ಮೊದಲು ಟೈಮರ್‌ಗಳನ್ನು ಹಳೆಯ ಲೆಕ್ಕಕ್ಕೆ ತನ್ನಿ. ಒಂದು ಮೂಲೆಗೋಸ್ಕರ ಇಡೀ ಶೀಟನ್ನು ಜಾಸ್ತಿ ಕಾಯಿಸಿದರೆ ಉಳಿದ ಐದು ಟ್ರೇಗಳ ಮೂಲೆಗಳು ತೆಳ್ಳಗಾಗುತ್ತವೆ. ಆಮೇಲೆ ಯಾವುದು ಮೂಲ ತೊಂದರೆ, ಯಾವುದು ನಾವೇ ಮಾಡಿಕೊಂಡದ್ದು ಅಂತ ಗೊತ್ತಾಗುವುದಿಲ್ಲ.

ನಂತರ ಒಂದು ಶೀಟನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ತೊಂದರೆ ಶೀಟಿನ ಜೊತೆ ಆ ಕಡೆ ಹೋಯಿತೋ, ಶೀಟಿನ ದಪ್ಪ ಏರುಪೇರಿದೆ, ಮೈಕ್ರೋಮೀಟರ್‌ನಲ್ಲಿ ಅಳೆದು ಸಪ್ಲೈಯರ್‌ಗೆ ತೋರಿಸಿ. ಅದೇ ಎಡಮೂಲೆಯಲ್ಲೇ ಉಳಿಯಿತೋ, ಮೆಷಿನ್ ಅಥವಾ ಡೈ ನೋಡಬೇಕು.

ಈಗ ಗೇಜ್ ಮುಂದೆ ನಿಂತು, ವಾಲ್ವ್ ತೆರೆಯುವ ಕ್ಷಣದಲ್ಲಿ ಮುಳ್ಳನ್ನು ನೋಡಿ. ಸುಮ್ನೆ ನಿಂತಾಗಿನ 640ಕ್ಕಿಂತ ಆ ಕ್ಷಣದ ಚಲನೆ ಮುಖ್ಯ. ಮುಳ್ಳು ಸರ‍್ರನೆ ಕೆಳಗಿಳಿದು ಬೇಗ ಮೇಲೆ ಬಂದರೆ ಸರಿ. ಇಳಿದದ್ದು ಮೇಲೇರಲು ಒದ್ದಾಡಿದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಪಂಪಿನ ಫಿಲ್ಟರ್ ಕಟ್ಟಿದೆ. ಮುಳ್ಳು ಅಲ್ಲಾಡುವುದೇ ಇಲ್ಲ ಅಂದರೆ ಟ್ಯಾಂಕಿನ ವ್ಯಾಕ್ಯೂಮ್ ಡೈವರೆಗೆ ಹೋಗುತ್ತಲೇ ಇಲ್ಲ.

ಡೈಯ ತೂತುಗಳನ್ನು ನೋಡಲು ನನ್ನದೊಂದು ರೂಢಿ ಇದೆ. ಡೈ ತಣ್ಣಗಾದ ಮೇಲೆ ಶೀಟಿಲ್ಲದೆ ವ್ಯಾಕ್ಯೂಮ್ ಕೊಟ್ಟು, ಹಚ್ಚಿದ ಊದುಬತ್ತಿಯನ್ನು ಒಂದೊಂದು ತೂತಿನ ಹತ್ತಿರ ಹಿಡಿಯುತ್ತೇನೆ. ತೆರೆದ ತೂತಿನ ಬಳಿ ಹೊಗೆ ದಾರದಂತೆ ಒಳಗೆ ಎಳೆದುಕೊಂಡು ಹೋಗುತ್ತದೆ. ಮುಚ್ಚಿದ ತೂತಿನ ಬಳಿ ತನ್ನ ಪಾಡಿಗೆ ಮೇಲೇರುತ್ತದೆ. (ಥಿನ್ನರ್, ಸ್ಪ್ರೇ ಡಬ್ಬಿ ಹತ್ತಿರ ಇರಬಾರದು.) ಕಟ್ಟಿದ ತೂತನ್ನು ಅದೇ ಅಳತೆಯ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ಬಿಡಿಸಿ. 0.6 ತೂತಿಗೆ 1 ಮಿ.ಮೀ. ಬಿಟ್ ಹಾಕಿದರೆ ಆಮೇಲೆ ಪ್ರತಿ ಟ್ರೇ ಮೇಲೂ ಮೊಡವೆಯಂತೆ ಗುಳ್ಳೆ ಬರುತ್ತದೆ. ಹಾಗೆ ಹಾಳಾದ ಡೈಗಳನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಹೋಸ್ ಕೂಡ ಬಿಚ್ಚಿ ನೋಡಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ನರ್ಸರಿಗೆ 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ಟ್ರೇ) ಮಾಡುತ್ತಿದ್ದೆವು. ಒಂದು ಅಂಚಿನ ಗುಳಿಗಳು ಆಳವಾಗುತ್ತಲೇ ಇರಲಿಲ್ಲ. ಎರಡು ದಿನ ಹೀಟರ್ ಜೊತೆ ಗುದ್ದಾಡಿದೆವು. ಕೊನೆಗೆ ಆ ಬದಿಯ ಹೋಸ್ ಕತ್ತರಿಸಿದರೆ ಒಳಪದರ ಕಿತ್ತು ಬಂದು ನಾಲಿಗೆಯಂತೆ ದಾರಿಗೆ ಅಡ್ಡ ಬಿದ್ದಿತ್ತು. ಹೊರಗಿನಿಂದ ನೋಡಿದರೆ ಹೊಸ ಹೋಸ್ ಥರಾನೇ ಇತ್ತು. ನಿಮ್ಮ ವಿವರ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಜೊತೆಗೆ ಆ ಮೂಲೆಯಲ್ಲಿ ಶೀಟನ್ನು ಹಿಡಿಯುವ ಕ್ಲ್ಯಾಂಪಿನ ರಬ್ಬರ್ ಗಟ್ಟಿಯಾಗಿ ಸೀಳಿದೆಯಾ ಅಂತ ಬೆರಳಾಡಿಸಿ ನೋಡಿ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಹೀಟರ್ ಕಡೆ ಬನ್ನಿ. 650 ವ್ಯಾಟ್‌ನ ಸೆರಾಮಿಕ್ ಎಲಿಮೆಂಟ್ 230 ವೋಲ್ಟ್‌ನಲ್ಲಿ ಸುಮಾರು 2.8 ಆಂಪ್ ಎಳೆಯಬೇಕು. ಎಲೆಕ್ಟ್ರಿಷಿಯನ್ ಕೈಯಲ್ಲಿ ಕ್ಲ್ಯಾಂಪ್ ಮೀಟರ್ ಇಟ್ಟು ಒಂದೊಂದಾಗಿ ಅಳೆಸಿ. ಹೊಸ ಎಲಿಮೆಂಟ್ ಹಾಕಿದ್ದೀರಿ ಅಲ್ವಾ, ಅದರ ವ್ಯಾಟ್ ಪಕ್ಕದ್ದಕ್ಕೆ ಹೊಂದುತ್ತದಾ? ಲಗ್ (ವೈರಿನ ತುದಿಯ ಲೋಹದ ಕೊಂಡಿ) ಕಪ್ಪಾಗಿದ್ದರೆ ಕತ್ತರಿಸಿ ಹೊಸದು ಹಾಕಿಸಿ. ಬೆಳಿಗ್ಗೆ ಸರಿ ಬಂದು ಮಧ್ಯಾಹ್ನ ಕೆಡುತ್ತಿದ್ದರೆ ವೋಲ್ಟೇಜ್ ನೋಡಿ. ಬರೀ ಟೈಮರ್ ಮೇಲೆ ನಡೆಯುವ ಮೆಷಿನ್‌ನಲ್ಲಿ 230 ಇದ್ದದ್ದು 207ಕ್ಕೆ ಇಳಿದರೆ ಶಾಖ ನೂರಕ್ಕೆ 19ರಷ್ಟು ಕಡಿಮೆಯಾಗುತ್ತದೆ. ಶೀಟು ಸುಮಾರು 150ರಿಂದ 170 ಡಿಗ್ರಿಗೆ ಬರಬೇಕು. ಮುಟ್ಟದೆ ಶಾಖ ಅಳೆಯುವ ಐಆರ್ ಗನ್‌ನಿಂದ ನಾಲ್ಕೂ ಮೂಲೆ ಅಳೆಯಿರಿ. ಆ ಮೂಲೆಗೆ ಫ್ಯಾನ್ ಗಾಳಿಯೋ ಶಟರ್ ಗಾಳಿಯೋ ಬೀಸುತ್ತಿದ್ದರೆ ಅದನ್ನೂ ತಡೆಯಿರಿ.

ಪಂಪ್ ಚೆನ್ನಾಗಿದೆ ಅಂದೆ, ಹಾಗಂತ ಅದನ್ನು ಮರೆಯಬೇಡಿ. ಪಂಪಿನ ಆಯಿಲ್ ನೋಡುವ ಗ್ಲಾಸಿನಲ್ಲಿ ಆಯಿಲ್ ಹಾಲಿನಂತೆ ಕಂಡರೆ ನೀರು ಸೇರಿದೆ, ಕಪ್ಪಾಗಿದ್ದರೆ ಸುಟ್ಟಿದೆ, ಎರಡಕ್ಕೂ ಆಯಿಲ್ ಬದಲಾಯಿಸಲೇಬೇಕು. ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಬಿಡಿ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಡೈಯ ಕೂಲಿಂಗ್ ದಾರಿಯಲ್ಲಿ ಸುಣ್ಣ ಕಟ್ಟುತ್ತದೆ, ಅದನ್ನೂ ಆಗಾಗ ತೊಳೆಸಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಹೀಟರ್ ಶೀಟಿನ ಮೇಲೆ ಇರುವಾಗಲೇ ಕರೆಂಟು ಹೋದರೆ ಸೆರಾಮಿಕ್ ತಕ್ಷಣ ತಣ್ಣಗಾಗುವುದಿಲ್ಲ. ಶೀಟು ಜೋತು ಬೀಳುತ್ತದೆ, ಹೊಗೆಯಾಡುತ್ತದೆ, ಬೆಂಕಿಯೂ ಹತ್ತಬಹುದು. ಎಚ್‌ಐಪಿಎಸ್ ಹತ್ತಿಕೊಂಡರೆ ದಟ್ಟ ಕಪ್ಪು ಹೊಗೆ, ಕಣ್ಣೇ ಕಾಣುವುದಿಲ್ಲ. ಹೀಟರ್ ಟ್ರಾಲಿಯನ್ನು ಕೈಯಿಂದ ಹಿಂದಕ್ಕೆ ತಳ್ಳುವುದು ನೈಟ್ ಶಿಫ್ಟ್ ಹುಡುಗನಿಗೂ ಗೊತ್ತಿರಬೇಕು. ಈ ವಾರವೇ ಮೆಷಿನ್ ತಣ್ಣಗಿರುವಾಗ ಅವನ ಕೈಯಲ್ಲಿ ಒಮ್ಮೆ ತಳ್ಳಿಸಿ. ಒಂದೇ ಕೈಯಲ್ಲಿ ಸರಿಯದಿದ್ದರೆ ಅದರ ಚಕ್ರದ ಬೇರಿಂಗ್ ಬದಲಾಯಿಸಿಬಿಡಿ.